ಶುಶ್ರೂಷೆ

ರೋಗಿಯ ಸೇವೆಗೆ ಕನ್ನಡದಲ್ಲಿ ರೂಢಿಯಾಗಿರುವ ಹೆಸರು ಶುಶ್ರೂಷೆ. ಜನರ ಬಾಯಲ್ಲಿ ನರ್ಸಮ್ಮನೆಂದೂ ಸಿಸ್ಟರ್ ಎಂದೂ ಕರೆಯಿಸಿಕೊಳ್ಳುವ ಆಸ್ಪತ್ರೆಯ ದಾದಿಯು ಸರಕಾರದ ಕಾಗದಪತ್ರಗಳಲ್ಲಿ ಶುಶ್ರೂಷಾಧಿಕಾರಿಯಾಗಿದ್ದಾಳೆ. ಅತ್ತೆಯನ್ನು ಕಡೆಗಾಲದಲ್ಲಿ ನೋಡಿಕೊಂಡ ಸೊಸೆಯನ್ನು ಕುರಿತು, ‘ಅವಳು ಮಾಡಿದ ಶುಶ್ರೂಷೆ ಸಾಮಾನ್ಯವೇ!’ ಎಂದು ನೆಂಟರು ಕೊಂಡಾಡುತ್ತಾರೆ. ಗಂಜಿ ಕಾಯಿಸಿ ಕುಡಿಸುವುದು, ಹಾಸಿಗೆಯನ್ನು ಮಡಿಮಾಡುವುದು, ಮೈಯೊರಸುವುದು, ಹೊತ್ತುಹೊತ್ತಿಗೆ ಔಷಧವನ್ನು ಕೊಡುವುದು, ರಾತ್ರಿ ಎಚ್ಚತ್ತಿರುವುದು, ಇವೆಲ್ಲವೂ ಆ ಮಾತಿನಲ್ಲಿ ಅಡಗಿವೆಯೆಂದು ಎಲ್ಲರೂ ಬಲ್ಲರು. ಆದರೆ ಆ ಶಬ್ದದ ಹುಟ್ಟನ್ನು ವಿಚಾರಮಾಡಿದರೆ ಈ ಕೆಲಸಗಳಲ್ಲಿ ಯಾವುದೊಂದೂ ಅದರೊಳಗೆ ಕಾಣಬರುವುದಿಲ್ಲ. ಕುಡಿಯಬೇಕೆಂಬ ಇಚ್ಛೆಯು ಪಿಪಾಸೆ. ತಿಳಿಯಬೇಕೆಂಬ ಇಚ್ಛೆಯು ಜಿಜ್ಞಾಸೆ. ಉಣ್ಣಬೇಕೆಂಬ ಇಚ್ಛೆಯು ಬುಭುಕ್ಷೆ. ಅದೇ ರೀತಿಯಲ್ಲಿ, ಕೇಳು ಎಂಬರ್ಥದ ಶ್ರು ಧಾತುವಿಗೆ ಇಚ್ಛಾರ್ಥದ ಪ್ರತ್ಯಯವು ಸೇರಿ ಸಿದ್ಧವಾದ ಪದವು ಶುಶ್ರೂಷೆ. ಕೇಳಬೇಕೆಂಬ ಇಚ್ಛೆ ಎಂಬುದಷ್ಟೇ ಅದರ ಮೂಲಾರ್ಥ.

ಗುರುವಿನ ಬಳಿಯಲ್ಲಿ ಕುಳಿತ ಶಿಷ್ಯನು ಆತನ ಮಾತನ್ನು ಕೇಳಲು ಇಚ್ಛೆಯುಳ್ಳವನಾದನು. ಕೇಳಬೇಕಾದವನು ಗುರುವಿನ ಮನೆಯಲ್ಲಿಯೇ ಇದ್ದು ನೀರು ಸೌದೆಗಳನ್ನು ತಂದನು. ಕಾಲಕ್ರಮದಲ್ಲಿ ಆ ಸೇವೆಗೇ ಶುಶ್ರೂಷೆಯೆಂಬ ಹೆಸರು ನಿಂತಿತು. ಅಲ್ಲಿಂದ ಅದು ತಂದೆತಾಯಿಗಳ ಸೇವೆಗೂ, ಕಡೆಗೆ ರೋಗಿಯ ಸೇವೆಗೂ ಹರಿದುಬಂದಿತು. ಶಬ್ದಗಳು ಹೀಗೆ ಅರ್ಥಾಂತರವನ್ನು ಹೊಂದುವುದು ವಿಶೇಷವಲ್ಲ. ಸೇವೆಯು ಉಳಿದು ಕೇಳುವಿಕೆಯು ಹಿಂದೆ ಬಿದ್ದುದು ಮಾತ್ರ ವ್ಯಸನಪಡತಕ್ಕ ಸಂಗತಿ. ಹಾಸಿಗೆ ಹಿಡಿದವರಿಗೆ ಏನೂ ಕಡಮೆಯಾಗದಂತೆ ನೋಡಿಕೊಳ್ಳುವ ಮನೆಗಳು ಬೇಕಾದಷ್ಟಿವೆ. ಹಾಸಿಗೆ ಹಿಡಿದವರನ್ನು ಐದು ನಿಮಿಷ ಅಡ್ಡಬಾರದೆ ಮಾತನಾಡಗೊಡುವ ಮನೆಗಳು ಅಷ್ಟಿಲ್ಲ.

ಪ್ರಾಚೀನ ವೈದ್ಯಶಾಸ್ತ್ರವು ಈ ವಿಷಯವನ್ನು ಎಷ್ಟು ಸೂಕ್ಷ್ಮವಾಗಿ ಎಣಿಸಿತ್ತೆಂಬುದನ್ನು ಚರಕಸಂಹಿತೆಯಿಂದ ತಿಳಿಯಬಹುದು. ಚಿಕಿತ್ಸೆಗೆ ಆ ಗ್ರಂಥವು ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳು. ಪರಿಚಾರಕನಿಗೆ ಉಪಚಾರದ ಜ್ಞಾನ, ಕೆಲಸದಲ್ಲಿ ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಇವು ನಾಲ್ಕು ಇರತಕ್ಕದ್ದು. ಬರಿಯ ಅನುರಾಗವೊಂದೇ ಸಾಲದು, ಬರಿಯ ಜ್ಞಾನವೊಂದೇ ಸಾಲದು ಎಂಬ ಅಭಿಪ್ರಾಯವು ಈ ಎಣಿಕೆಯಿಂದಲೇ ಸ್ಪಷ್ಟವಾಗುತ್ತದೆ. ಇನ್ನು ರೋಗಿಗೆ ಹೇಳಿರುವ ಗುಣಗಳಲ್ಲಿ ಸ್ಮೃತಿ, ವೈದ್ಯನು ಹೇಳಿದಂತೆ ನಡೆಯುವಿಕೆ, ಧೈರ್ಯ ಇವುಗಳ ಜತೆಗೆ ನಾಲ್ಕನೆಯದಾಗಿ ಜ್ಞಾಪಕತ್ವವೆಂಬುದೊಂದಿದೆ. ತನ್ನ ಬೇನೆಯನ್ನು ತಾನೇ ತಿಳಿಸಬಲ್ಲವನಾಗಿರುವುದೆಂದು ಅದರ ಅರ್ಥ. ರೋಗಿಯೆಂದರೆ ಸುಮ್ಮನೆ ಮಲಗಿ ಚಿಕಿತ್ಸೆಯನ್ನು ಸಹಿಸಿಕೊಳ್ಳುವ ಜಡವಸ್ತುವಲ್ಲ. ಚಿಕಿತ್ಸೆಯ ನಾಲ್ಕು ಕಾಲುಗಳಲ್ಲಿ ಅವನೂ ಒಂದು. ಆ ಕಾಲಿನ ಬಲದಲ್ಲಿ ಒಂದು ಪಾಲು ಅವನ ಬಾಯಲ್ಲಿದೆ.

ಅದೇ ಗ್ರಂಥವು ಬೇರೊಂದೆಡೆ ರೋಗಿಗಾಗಿ ಸಜ್ಜುಗೊಳಿಸಬೇಕಾದ ಮನೆಯನ್ನು ವರ್ಣಿಸುತ್ತದೆ. ಗಾಳಿಯ ಹೊಡೆತವಿಲ್ಲದ, ಹೊಗೆ ಬಿಸಿಲು ಧೂಳುಗಳ ಬಾಧೆಯಿಲ್ಲದ ಮನೆ. ಅಡಿಗೆಯವರು, ಸ್ನಾನ ಮಾಡಿಸುವವರು, ಎತ್ತಿ ಕೂರಿಸುವವರು, ಔಷಧವನ್ನು ಅರೆಯುವವರು. ಇವರಲ್ಲದೆ ಹಾಡು, ಕಥೆ, ಇತಿಹಾಸ, ಪುರಾಣಗಳನ್ನು ಬಲ್ಲವರೂ, ರೋಗಿಯ ಅಭಿಪ್ರಾಯವನ್ನು ಅರಿಯಬಲ್ಲವರೂ ಅಲ್ಲಿರಬೇಕಂತೆ. ಪಥ್ಯದ ಪಟ್ಟಿಯ ಪಕ್ಕದಲ್ಲಿಯೇ ಕಥೆ ಹೇಳುವವನಿಗೂ ಸ್ಥಳವನ್ನು ಕೊಟ್ಟ ಶಾಸ್ತ್ರಕಾರನು ರೋಗವನ್ನು ಮಾತ್ರ ಕಂಡವನಲ್ಲ. ರೋಗಿಯನ್ನು ಪರೀಕ್ಷಿಸುವಾಗಲೂ ಅವನ ಪ್ರಕೃತಿ, ವಿಕೃತಿ, ದೇಹದ ಗಟ್ಟಿತನ ಮತ್ತು ಪ್ರಮಾಣ ಇಷ್ಟಕ್ಕೇ ನಿಲ್ಲದೆ, ಅವನಿಗೆ ಒಗ್ಗಿದ ಆಹಾರಾಚಾರಗಳು ಯಾವುವು, ಮನಸ್ಸಿನ ಸತ್ತ್ವವೆಷ್ಟು, ಉಣ್ಣುವ ಶಕ್ತಿಯೆಷ್ಟು, ದುಡಿಯುವ ಶಕ್ತಿಯೆಷ್ಟು, ವಯಸ್ಸೆಷ್ಟು ಎಂದು ಹತ್ತು ಬಗೆಯಾಗಿ ನೋಡತಕ್ಕದ್ದೆಂದು ವಿಧಿಸಿದೆ. ವಾಗ್ಭಟನು ಇದನ್ನೇ ಅಡಕಮಾಡಿ ದರ್ಶನ, ಸ್ಪರ್ಶನ, ಪ್ರಶ್ನ ಎಂದು ಮೂರು ಮಾತಿನಲ್ಲಿ ಹೇಳಿದನು. ಕಣ್ಣಿಗೂ ಕೈಗೂ ಸಿಕ್ಕದೆ ಉಳಿದುದನ್ನು ಪ್ರಶ್ನೆಯೇ ಹಿಡಿಯಬೇಕು.

ಪಶ್ಚಿಮದಲ್ಲಿ ಶುಶ್ರೂಷೆಯನ್ನು ಒಂದು ವಿದ್ಯೆಯಾಗಿ ನಿಲ್ಲಿಸಿದ ಫ್ಲಾರೆನ್ಸ್ ನೈಟಿಂಗೇಲಳ ಮಾತೂ ಇದಕ್ಕೆ ದೂರವಲ್ಲ. 1820ರಲ್ಲಿ ಹುಟ್ಟಿದ ಈ ಮಹಿಳೆಯು 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ಹೋದುದೂ, ಕೈದೀಪವನ್ನು ಹಿಡಿದು ಆಸ್ಪತ್ರೆಯ ಸಾಲುಗಳಲ್ಲಿ ತಿರುಗಿದುದೂ ಶಾಲೆಯ ಮಕ್ಕಳಿಗೂ ಗೊತ್ತು. ಆಕೆಯು 1859ರಲ್ಲಿ ಬರೆದ ಶುಶ್ರೂಷೆಯ ಚಿಕ್ಕ ಪುಸ್ತಕವು ಅಷ್ಟಾಗಿ ಗೊತ್ತಿಲ್ಲ. ಅದರಲ್ಲಿ ರೋಗಿಯನ್ನು ಗಮನಿಸುವ ಬಗೆಯನ್ನು ಕುರಿತು ಒಂದು ಅಧ್ಯಾಯವೇ ಇದೆ. ಉತ್ತರವನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿರುವ ಪ್ರಶ್ನೆಯನ್ನು ಕೇಳಬಾರದೆಂಬುದು ಅಲ್ಲಿಯ ಒಂದು ಮುಖ್ಯವಾದ ಉಪದೇಶ. ರಾತ್ರಿ ಚೆನ್ನಾಗಿ ನಿದ್ರೆ ಬಂದಿತೇ ಎಂದು ಕೇಳಿದರೆ ಒಬ್ಬನು ಹತ್ತು ಗಂಟೆ ಮಲಗದಿದ್ದುದಕ್ಕೆ ಇಲ್ಲವೆಂದಾನು, ಇನ್ನೊಬ್ಬನು ನಡುನಡುವೆ ಎರಡು ಜೊಂಪು ಹತ್ತಿದುದಕ್ಕೆ ಹೌದೆಂದಾನು. ಎಷ್ಟು ಗಂಟೆ ನಿದ್ರೆಮಾಡಿದಿರಿ, ಯಾವ ಯಾವ ಹೊತ್ತಿನಲ್ಲಿ ಎಂದು ಕೇಳಿದರೆ ಮಾತ್ರ ಸಂಗತಿಯು ಹೊರಕ್ಕೆ ಬರುತ್ತದೆ. ರೋಗಿಯ ಮುಂದೆ ಕುಳಿತು ಬರಿಯ ಭರವಸೆಯ ಮಾತುಗಳನ್ನೂ ಬೇಡದ ಬುದ್ಧಿವಾದಗಳನ್ನೂ ಸುರಿಯುವ ಬಂಧುಮಿತ್ರರಿಗಾಗಿ ಆಕೆಯು ಬೇರೊಂದು ಅಧ್ಯಾಯವನ್ನೇ ಮೀಸಲಿಟ್ಟಳು. ಆಕೆಯು ಇಂಡಿಯಾದ ಸೈನ್ಯದ ಮತ್ತು ಗ್ರಾಮಗಳ ನೈರ್ಮಲ್ಯಕ್ಕಾಗಿ ಹಲವು ವರ್ಷ ಬರೆದಳಾದರೂ ಈ ದೇಶಕ್ಕೆ ಎಂದೂ ಬರಲಿಲ್ಲ. ಬಂದು ಇಲ್ಲಿಯ ಮನೆಗಳಲ್ಲಿ ರೋಗಿಯ ಮಂಚದ ಸುತ್ತ ನೆರೆಯುವ ನೆಂಟರನ್ನು ಕಂಡಿದ್ದರೆ ಆ ಅಧ್ಯಾಯವು ಇನ್ನಷ್ಟು ಬೆಳೆಯುತ್ತಿದ್ದುದರಲ್ಲಿ ಸಂದೇಹವಿಲ್ಲ.

ಮೈಸೂರು ಸೀಮೆಗೆ ಈ ವಿದ್ಯೆಯು ಆಸ್ಪತ್ರೆಗಳ ದ್ವಾರದಿಂದ ಬಂದಿತು. ಬೆಂಗಳೂರಿನಲ್ಲಿ 1886ರಲ್ಲಿ ಸನ್ಯಾಸಿನಿಯರು ಸೇಂಟ್ ಮಾರ್ಥಾ ಆಸ್ಪತ್ರೆಯನ್ನು ತೆರೆದರು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯೂ, 1935ರಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ವಾಣಿವಿಲಾಸ ಆಸ್ಪತ್ರೆಯೂ ಪ್ರಾರಂಭವಾದುವು. ಸುತ್ತಣ ತಾಲ್ಲೂಕುಗಳ ಜನರು ಎತ್ತಿನ ಗಾಡಿಯಲ್ಲಿಯೂ ರೈಲಿನಲ್ಲಿಯೂ ರೋಗಿಗಳನ್ನು ತಂದು ಅಲ್ಲಿ ಇಳಿಸುತ್ತಿದ್ದರು. ದಾದಿಯರ ಶಿಕ್ಷಣವು ದೇಶದಲ್ಲೆಲ್ಲ ಒಂದೇ ಮಟ್ಟದಲ್ಲಿರಬೇಕೆಂದು 1947ರಲ್ಲಿ ಶಾಸನವಾಯಿತು. ಮರುವರ್ಷ, ಎಂದರೆ 1948ರಲ್ಲಿ ಸ್ಥಾಪಿತವಾದ ವಿಶ್ವ ಆರೋಗ್ಯ ಸಂಸ್ಥೆಯು, ರೋಗವಿಲ್ಲದಿರುವುದೊಂದೇ ಆರೋಗ್ಯವಲ್ಲ, ದೇಹ ಮನಸ್ಸು ಸಮಾಜಜೀವನ ಮೂರರಲ್ಲಿಯೂ ಕ್ಷೇಮವಾಗಿರುವುದೇ ಆರೋಗ್ಯವೆಂದು ಲಕ್ಷಣವನ್ನು ನಿರೂಪಿಸಿತು. 1960ರ ದಶಕದಲ್ಲಿ ವರ್ಜೀನಿಯಾ ಹೆಂಡರ್ಸನ್ ಎಂಬ ಅಮೆರಿಕದ ವಿದುಷಿಯು ದಾದಿಯು ಗಮನಿಸಬೇಕಾದ ಮನುಷ್ಯನ ಅವಶ್ಯಕತೆಗಳನ್ನು ಹದಿನಾಲ್ಕೆಂದು ಎಣಿಸಿದಳು. ಉಸಿರಾಟ, ಅನ್ನಪಾನ, ಮಲಮೂತ್ರವಿಸರ್ಜನೆ, ಚಲನೆ, ನಿದ್ರೆ, ಉಡುಪು, ಮೈಯ ಬಿಸುಪು, ಶುಚಿ, ಅಪಾಯದಿಂದ ರಕ್ಷಣೆ ಇವು ದೇಹಕ್ಕೆ ಸೇರಿದುವು. ಮನಸ್ಸಿನಲ್ಲಿರುವುದನ್ನು ಇತರರಿಗೆ ತಿಳಿಸುವುದು, ತನ್ನ ನಂಬಿಕೆಯಂತೆ ದೇವರನ್ನು ಆರಾಧಿಸುವುದು, ತೃಪ್ತಿಯನ್ನು ಕೊಡುವ ಕೆಲಸ, ವಿನೋದ, ಹೊಸದನ್ನು ಕಲಿಯುವುದು ಇವೂ ಅದೇ ಪಟ್ಟಿಯಲ್ಲಿವೆ. ಚರಕನ ಕಥೆಗಾರನು ಹೊಸ ವೇಷದಲ್ಲಿ ಮರಳಿ ಬಂದನೆನ್ನಬಹುದು.

ಈಗಿನ ಶುಶ್ರೂಷಾಶಾಸ್ತ್ರದಲ್ಲಿ ರೋಗಿಯ ಸಮಗ್ರ ಪರಿಶೀಲನೆಯೆಂಬುದು ಮೊದಲನೆಯ ಮೆಟ್ಟಲು. ಕೊರತೆಯು ಯಾವುದೆಂದು ನಿರ್ಣಯಿಸುವುದು, ಮಾಡತಕ್ಕದ್ದನ್ನು ಯೋಚಿಸುವುದು, ಮಾಡುವುದು, ಮಾಡಿದುದರ ಫಲವನ್ನು ನೋಡುವುದು ಇವು ಅನಂತರದ ಮೆಟ್ಟಲುಗಳು. ಮೊದಲನೆಯದು ಜಾರಿದರೆ ಉಳಿದ ನಾಲ್ಕೂ ಜಾರುತ್ತವೆ. ಸಮಗ್ರವೆಂದೊಡನೆ ದೇಹವನ್ನು ಅಲಕ್ಷಿಸಿ ಮನೆವಾರ್ತೆಯನ್ನು ಕೇಳುತ್ತ ಕೂರುವುದೆಂದು ಭಾವಿಸಬಾರದು. ಮೊದಲು ಉಸಿರು, ಆಮೇಲೆ ಕಥೆ. ಏದುಸಿರು ಬಿಡುತ್ತಿರುವವನ ವಂಶಾವಳಿಯನ್ನು ಕೇಳುವ ದಾದಿಯು ದಾದಿಯಲ್ಲ. ಜ್ವರವೆಷ್ಟು, ನಾಡಿಯು ನಿಮಿಷಕ್ಕೆ 60ರಿಂದ 100ರೊಳಗಿದೆಯೆ, ಉಸಿರು 12ರಿಂದ 20ರೊಳಗಿದೆಯೆ, ರಕ್ತದ ಒತ್ತಡವೆಷ್ಟು, ಬೆರಳ ತುದಿಗೆ ಸಿಕ್ಕಿಸುವ ಪುಟ್ಟ ಯಂತ್ರದಲ್ಲಿ ಆಮ್ಲಜನಕದ ಪ್ರಮಾಣವು ನೂರಕ್ಕೆ 95ಕ್ಕಿಂತ ಕೆಳಗಿಳಿದಿದೆಯೆ ಎಂಬುದನ್ನು ಅಳೆದು ಬರೆದುಕೊಂಡ ಮೇಲೆಯೇ ಮಿಕ್ಕ ಪ್ರಶ್ನೆಗಳಿಗೆ ಬಿಡುವು. ಅಳತೆಗೆ ಸಿಕ್ಕುವುದು ಒಂದು ಸಾಲು. ರೋಗಿಯು ಹೇಳಿದ ಹೊರತು ಯಾರಿಗೂ ತಿಳಿಯದ ನೋವು, ವಾಕರಿಕೆ, ಭಯ, ಬೇಸರಗಳು ಇನ್ನೊಂದು ಸಾಲು. ಎರಡನ್ನೂ ಬೇರೆಬೇರೆಯಾಗಿ ಬರೆಯಬೇಕು, ಒಟ್ಟಿಗೆ ಓದಬೇಕು.

ಕೇಳುವ ಭಾಷೆಯಲ್ಲಿಯೂ ವಿವೇಕವು ಬೇಕು. ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕಿಗಳಲ್ಲಿ ಹೇಳಿಸುವುದು ಪಾಠದ ಪದ್ಧತಿ. ಅಂಕಿಗಳೊಡನೆ ಬಳಕೆಯಿಲ್ಲದ ಹಳ್ಳಿಯ ಮುದುಕಿಯು ಇದಕ್ಕೆ ಏನೆಂದು ಉತ್ತರ ಕೊಟ್ಟಾಳು? ಅವಳ ಭಾಷೆಯಲ್ಲಿ ಬೇರೊಂದು ಅಳತೆಗೋಲು ಮೊದಲೇ ಇದೆ. ‘ರೂಪಾಯಿಗೆ ಎಂಟಾಣೆ ವಾಸಿ ಕಣವ್ವ’ ಎಂದು ಅವಳು ತಾನಾಗಿಯೇ ಹೇಳುತ್ತಾಳೆ. ಆಣೆಗಳು ಚಲಾವಣೆಯಿಂದ ಹೋಗಿ ಎಷ್ಟೋ ಕಾಲವಾದರೂ ನೋವಿನ ಲೆಕ್ಕದಲ್ಲಿ ಅವು ಇನ್ನೂ ಸವೆದಿಲ್ಲ. ಅದನ್ನು ತಿಳಿದ ದಾದಿಯು ಅಂಕಿಯನ್ನು ಬದಿಗಿಟ್ಟು, ನಿನ್ನೆ ಎಷ್ಟಾಣೆಯಿತ್ತು, ಇಂದು ಎಷ್ಟಾಣೆ ಎಂದು ಕೇಳಿದರೆ ಶಾಸ್ತ್ರಕ್ಕೂ ಲೋಪವಿಲ್ಲ, ಮುದುಕಿಗೂ ಕಷ್ಟವಿಲ್ಲ.

ಈ ವಿದ್ಯೆಯ ನಿಜವಾದ ಪರೀಕ್ಷೆಯು ಪಟ್ಟಣದ ದೊಡ್ಡ ಆಸ್ಪತ್ರೆಗಿಂತ ಹೆಚ್ಚಾಗಿ ಹಳ್ಳಿಯ ಹೊಸ್ತಿಲಲ್ಲಿ ನಡೆಯುತ್ತದೆ. 1986ರಲ್ಲಿ ಬೆಂಗಳೂರು ಗ್ರಾಮಾಂತರವೆಂಬ ಹೆಸರಿನಿಂದ ಬೇರೆಯಾದ ಜಿಲ್ಲೆಯಲ್ಲಿ, 2007ರಲ್ಲಿ ರಾಮನಗರದ ಭಾಗವು ಪ್ರತ್ಯೇಕವಾದ ಮೇಲೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಉಳಿದುವು. ನಾಲ್ಕರ ಬಾಳೂ ಒಂದೇ ಬಗೆಯದಲ್ಲ. ದೊಡ್ಡಬಳ್ಳಾಪುರದ ಬೀದಿಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದು ಹಗಲಿರುಳೂ ನಿಲ್ಲದು. ಗಂಡಸರು ಮಗ್ಗದ ಮುಂದೆ ನಿಂತು ಹೊತ್ತು ಕಳೆದರೆ ಹೆಂಗಸರು ಕಂಡಿಕೆ ಸುತ್ತುತ್ತ ಕುಳಿತು ಕಳೆಯುತ್ತಾರೆ. ದೇವನಹಳ್ಳಿಯ ಕಡೆ ದ್ರಾಕ್ಷಿ ಚಕೋತಗಳ ತೋಟಗಳ ಮಗ್ಗುಲಲ್ಲಿಯೇ 2008ರಲ್ಲಿ ವಿಮಾನನಿಲ್ದಾಣವು ತೆರೆಯಿತು. ಅಪ್ಪನು ಉತ್ತ ಹೊಲದ ದಿಕ್ಕಿನಲ್ಲಿ ಮಗನು ಕಾವಲುಗಾರನಾಗಿ ನಿಂತಿದ್ದಾನೆ. ಹೊಸಕೋಟೆ ನೆಲಮಂಗಲಗಳ ಹೆದ್ದಾರಿಗಳ ಬದಿಯಲ್ಲಿ ಕಾರ್ಖಾನೆಗಳೂ ಉಗ್ರಾಣಗಳೂ ಎದ್ದು, ಪಾಳಿಯ ದುಡಿಮೆಯು ಊಟನಿದ್ರೆಗಳ ಹಳೆಯ ಹೊತ್ತನ್ನು ಕೆಡಿಸಿದೆ. ಕಿವಿ ಮಂದವಾಗುವುದೂ, ಸೊಂಟ ಹಿಡಿಯುವುದೂ, ಔಷಧ ಸಿಂಪಡಿಸಿದ ಮೇಲೆ ತಲೆಸುತ್ತುವುದೂ, ನಲವತ್ತಕ್ಕೇ ಸಕ್ಕರೆಯ ಕಾಯಿಲೆ ಕಾಣಿಸುವುದೂ ಇಂಥ ಬದುಕಿನೊಳಗಿಂದಲೇ ಹುಟ್ಟುವುದರಿಂದ, ಬದುಕನ್ನು ಕೇಳದೆ ಬೇನೆಯನ್ನು ಮಾತ್ರ ಕೇಳಿದವರಿಗೆ ಕಾರಣವು ದೊರೆಯುವುದಿಲ್ಲ.

2005ರಿಂದ ಸುಮಾರು 1000 ಜನಕ್ಕೆ ಒಬ್ಬಳಂತೆ ಆಶಾ ಕಾರ್ಯಕರ್ತೆಯರನ್ನು ಹಳ್ಳಿಗಳಲ್ಲಿ ನೇಮಿಸುವ ಏರ್ಪಾಡು ದೇಶದಲ್ಲಿ ಆರಂಭವಾಯಿತು. 2018ರಿಂದೀಚೆಗೆ, ಬಯಲುಸೀಮೆಯಲ್ಲಿ ಸುಮಾರು 5000 ಜನಕ್ಕೊಂದರಂತಿರುವ ಉಪಕೇಂದ್ರಗಳನ್ನು ಬಲಪಡಿಸಿ, ಶುಶ್ರೂಷಾವಿದ್ಯೆಯನ್ನು ಕಲಿತವರನ್ನು ಸಮುದಾಯ ಆರೋಗ್ಯ ಅಧಿಕಾರಿಗಳೆಂಬ ಹೆಸರಿನಿಂದ ಅಲ್ಲಿ ಕೂರಿಸಲಾಗಿದೆ. ಆಶಾ ಕಾರ್ಯಕರ್ತೆಯು ಮೂವತ್ತು ವರ್ಷ ದಾಟಿದವರ ಮನೆಗಳಿಗೆ ಹೋಗಿ ಒಂದು ಪ್ರಶ್ನಪತ್ರವನ್ನು ತುಂಬುತ್ತಾಳೆ. ವಯಸ್ಸು, ಹೊಗೆಸೊಪ್ಪು, ಮದ್ಯ, ಸೊಂಟದ ಸುತ್ತಳತೆ, ವಾರಕ್ಕೆ 150 ನಿಮಿಷವಾದರೂ ಮೈ ದುಡಿಯುವುದೆ, ಮನೆತನದಲ್ಲಿ ಸಕ್ಕರೆ ಅಥವಾ ರಕ್ತದೊತ್ತಡವುಂಟೆ ಎಂಬಿವಕ್ಕೆ ಅಂಕಗಳು. ಮೊತ್ತವು ನಾಲ್ಕನ್ನು ಮೀರಿದವರನ್ನು ಪರೀಕ್ಷೆಗೆ ಮೊದಲು ಕಳುಹಿಸಬೇಕು. ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರಿನಿಂದ ಸೊಂಟದ ಎಚ್ಚರಿಕೆ ಮೊದಲಾಗುತ್ತದೆ. ಅಷ್ಟಕ್ಕೇ ಮುಗಿಯದೆ, ಅಡಿಗೆಗೆ ಯಾವ ಉರುವಲು, ದುಡಿಯುವೆಡೆಯಲ್ಲಿ ಹೊಗೆ ಧೂಳುಗಳುಂಟೆ ಎಂಬ ಪ್ರಶ್ನೆಗಳೂ ಇವೆ. ಕಡೆಯಲ್ಲಿ, ಕಳೆದ ಎರಡು ವಾರಗಳಲ್ಲಿ ಯಾವ ಕೆಲಸದಲ್ಲಿಯೂ ಆಸಕ್ತಿಯಿಲ್ಲದೆ ಇತ್ತೆ, ಮನಸ್ಸು ಕುಗ್ಗಿತ್ತೆ ಎಂಬೆರಡು ಪ್ರಶ್ನೆಗಳನ್ನು ಸೇರಿಸಲಾಗಿದೆ. ಸರಕಾರದ ನಮೂನೆಯೊಂದು ಒಲೆಯ ಸೌದೆಯನ್ನೂ ಮನಸ್ಸಿನ ಭಾರವನ್ನೂ ಒಂದೇ ಕಾಗದದಲ್ಲಿ ಕೇಳುವ ಮಟ್ಟಕ್ಕೆ ಬಂದುದು ಸಣ್ಣ ಸಂಗತಿಯಲ್ಲ. ಆದರೆ ನಮೂನೆಯನ್ನು ತುಂಬುವುದು ಬೇರೆ, ಕೇಳುವುದು ಬೇರೆ. ‘ಮನಸ್ಸಿಗೇನೂ ಬೇಜಾರಿಲ್ವಲ್ಲ?’ ಎಂದು ಅತ್ತೆಯ ಎದುರಿನಲ್ಲಿ ಸೊಸೆಯನ್ನು ಕೇಳಿ, ಇಲ್ಲವೆಂದು ಗುರುತು ಹಾಕಿಕೊಂಡು ಹೊರಟರೆ ಕಾಗದವು ತುಂಬಿತು, ಕೆಲಸವಾಗಲಿಲ್ಲ.

ಇದನ್ನು ವಿಶದಪಡಿಸಲು ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಇದು ಯಾವುದೋ ಒಂದು ಮನೆಯ ವೃತ್ತಾಂತವಲ್ಲ. ಹಲವು ಮನೆಗಳಲ್ಲಿ ನಡೆಯುವುದನ್ನು ಒಂದೆಡೆ ಕೂಡಿಸಿದ್ದು. ನೇಕಾರರ ಮನೆ, ಎಪ್ಪತ್ತರ ಅಂಚಿನ ಮುದುಕಿ, ಹತ್ತಾರು ವರ್ಷಗಳ ಸಕ್ಕರೆ ಕಾಯಿಲೆ, ಬಲಗಾಲಿನ ಅಂಗಾಲಲ್ಲಿ ಮಾಯದ ಹುಣ್ಣು. ಗಂಡನು ತೀರಿಕೊಂಡು ವರ್ಷವಾಗಿದೆ. ಪರೀಕ್ಷೆಯಲ್ಲಿ ಸಕ್ಕರೆಯು ಏರಿಯೇ ಇರುವುದರಿಂದ ಮಾತ್ರೆಯ ಪ್ರಮಾಣವನ್ನು ಹೆಚ್ಚಿಸುವ ಯೋಚನೆಯಾಗಿದೆ. ಹೀಗಿರಲು ಆರೋಗ್ಯಕೇಂದ್ರದ ದಾದಿಯು ಮನೆಗೆ ಬಂದು ವಿಚಾರಿಸಿದಳು.

‘ನೋವು ಗೀವು ಏನೂ ಇಲ್ಲ ಸಿಸ್ಟರ್, ಚೆನ್ನಾಗೇ ಅವ್ರೆ. ವಯಸ್ಸಾಯ್ತಲ್ಲ, ಅಷ್ಟೆ’ ಎಂದು ಮಗನು ಹೇಳಿದನು. ‘ಮಾತ್ರೆ ತಪ್ಪಿಸಲ್ಲ, ಡಬ್ಬಿ ಅವರ ಹತ್ರಾನೇ ಇರುತ್ತೆ’ ಎಂದು ಸೊಸೆಯು ಸೇರಿಸಿದಳು. ಇಬ್ಬರೂ ಸುಳ್ಳು ಹೇಳಿದವರಲ್ಲ. ಮುದುಕಿಯು ಮಾತನಾಡದೆ ಕುಳಿತಿದ್ದಳು.

ದಾದಿಯು ಸೊಸೆಯನ್ನು ಒಂದು ತಂಬಿಗೆ ಬಿಸಿನೀರು ಕಾಯಿಸಿಕೊಡಮ್ಮಾ ಎಂದು ಒಳಕ್ಕೆ ಕಳುಹಿಸಿದಳು. ಮಗನನ್ನು ಮಗ್ಗವು ಕರೆಯಿತು. ಆಮೇಲೆ ನೆಲದ ಮೇಲೆ ಮುದುಕಿಯ ಸಮಕ್ಕೆ ಕುಳಿತು, ‘ಅಜ್ಜಿ, ನಿನ್ನೆ ಎದ್ದಾಗಿನಿಂದ ಮಲಗೋವರೆಗೆ ಏನೇನು ಉಂಡ್ರಿ? ಒಂದೊಂದಾಗಿ ಹೇಳಿ’ ಎಂದಳು.

‘ಏನುಂಡೇನವ್ವ, ಮಧ್ಯಾಹ್ನ ಒಂದ್ ಮುದ್ದೆ. ರಾತ್ರಿ ಒಬ್ಳೇ ಕೂತ್ಕೊಂಡು ಉಣ್ಣಾಕೆ ಮನಸ್ಸೇ ಬರಾಕಿಲ್ಲ.’

‘ಮಾತ್ರೆ?’

ಮುದುಕಿಯು ಒಳಬಾಗಿಲ ಕಡೆ ನೋಡಿ ದನಿಯನ್ನು ತಗ್ಗಿಸಿದಳು. ‘ಅರ್ಧ ಮುರ್ಕೊಂಡು ನುಂಗ್ತೀನಿ. ಅಂಗಡೀಲಿ ತಂದ್ರೆ ಎಷ್ಟು ದುಡ್ಡು! ನನ್ ಮಗಂಗೆ ಹೇಳ್ಬೇಡ ಕಣವ್ವ, ನೂಲಿನ ಸಾಲ ತೀರ್ಲಿ.’

ಇನ್ನು ಹುಣ್ಣಿನ ಮಾತು. ಹತ್ತು ಗ್ರಾಮಿನ ಒತ್ತಡಕ್ಕೆ ಬಾಗುವ ನೂಲಿನಂಥ ಎಳೆಯೊಂದನ್ನು ಅಂಗಾಲಿನ ಅಲ್ಲಲ್ಲಿ ಮುಟ್ಟಿಸುತ್ತ, ಮುಟ್ಟಿದ್ದು ಗೊತ್ತಾಯಿತೆ ಎಂದು ದಾದಿಯು ಕೇಳಿದಳು. ಮುದುಕಿಗೆ ಗೊತ್ತಾಗಲಿಲ್ಲ. ನೋವಿಲ್ಲವೆಂದು ಮಗನು ಹೇಳಿದ್ದು ನಿಜವೇ. ಆದರೆ ಅದು ವಾಸಿಯಾಗುವ ಲಕ್ಷಣವಾಗಿರದೆ, ಕಾಲಿನ ನರಗಳು ಸ್ಪರ್ಶವನ್ನೇ ಮರೆತುದರ ಲಕ್ಷಣವಾಗಿತ್ತು. ರಾತ್ರಿ ಹಿತ್ತಿಲಿಗೆ ಹೋಗುವಾಗ ಕತ್ತಲೆಯಲ್ಲಿ ಮಗ್ಗದ ಮನೆಯನ್ನು ಬರಿಗಾಲಲ್ಲಿ ದಾಟಬೇಕು. ಯಾವುದೋ ಮೊಳೆ ಚುಚ್ಚಿದುದು ಮೊಮ್ಮಗುವು ನೆಲದ ಮೇಲಿನ ರಕ್ತವನ್ನು ಕಂಡು ಕೂಗಿದಾಗಲೇ ತಿಳಿದದ್ದು. ಚಪ್ಪಲಿ ಮೆಟ್ಟಿಕೊಳ್ಳಿ ಎಂದುಬಿಡುವುದು ಸುಲಭ. ಆದರೆ ಮಗ್ಗವನ್ನು ದೇವರೆಂದು ತಿಳಿದ ಆ ಮನೆಯಲ್ಲಿ ಅದರ ಬಳಿ ಪಾದರಕ್ಷೆಯನ್ನು ಮೆಟ್ಟುವ ವಾಡಿಕೆಯಿಲ್ಲ. ಅದನ್ನೂ ಕೇಳಿ ತಿಳಿದ ದಾದಿಯು, ಬೀದಿಯ ಮಣ್ಣನ್ನು ಮುಟ್ಟದ, ಒಳಗೆ ಮಾತ್ರ ಮೆಟ್ಟುವ ಮೆತ್ತನೆಯ ಹೊಸ ಜೋಡೊಂದನ್ನು ತರಿಸಬಹುದೆ ಎಂದು ಕೇಳಿದಳು. ಮುದುಕಿಯು ತುಸು ಯೋಚಿಸಿ ಒಪ್ಪಿದಳು.

ವಾಚಕರು ಇಲ್ಲಿ ಒಂದು ಅಂಶವನ್ನು ಲಕ್ಷಿಸಬೇಕು. ರಕ್ತಪರೀಕ್ಷೆಯ ಅಂಕಿಯಲ್ಲಿ ತಪ್ಪಿರಲಿಲ್ಲ. ಮಾತ್ರೆಯು ಸಾಲದೆಂಬ ಊಹೆಯೂ ಆ ಅಂಕಿಗೆ ಅನುಗುಣವಾಗಿಯೇ ಇತ್ತು. ಆದರೆ ಪ್ರಮಾಣವನ್ನು ಹೆಚ್ಚಿಸಿ, ಅದೇ ವೇಳೆಗೆ ಸೊಸೆಯು ಎಚ್ಚೆತ್ತು ಎದುರಿಗೆ ನಿಂತು ಇಡಿಯ ಮಾತ್ರೆಯನ್ನು ನುಂಗಿಸಿದ್ದರೆ, ಹಗಲಿಗೆ ಒಂದೇ ಮುದ್ದೆಯನ್ನು ಉಣ್ಣುವ ಆ ದೇಹದಲ್ಲಿ ಸಕ್ಕರೆಯು ರಾತ್ರಿಯ ಹೊತ್ತಿನಲ್ಲಿ ಪಾತಾಳಕ್ಕೆ ಇಳಿಯಬಹುದಾಗಿತ್ತು. ಮಾತ್ರೆಗಳ ಕೆಲವು ಜಾತಿಗಳಲ್ಲಿ ಈ ಭಯವು ವಿಶೇಷವಾಗಿ ಉಂಟು. ಬೆವರು, ನಡುಕ, ತಬ್ಬಿಬ್ಬು, ಕಡೆಗೆ ಪ್ರಜ್ಞೆಯೇ ತಪ್ಪುವುದು. ಇತ್ತ ಹುಣ್ಣನ್ನು ನೋವಿಲ್ಲವೆಂದು ಬಿಟ್ಟಿದ್ದರೆ ಅದು ಎಲುಬಿಗಿಳಿದು ಕಾಲನ್ನೇ ತೆಗೆಯಬೇಕಾದ ಕಾಲವು ಬರಬಹುದಾಗಿತ್ತು. ಕೇಳಿದುದರಿಂದ ಆದ ಏರ್ಪಾಡು ಇಷ್ಟೆ: ತಿಂಗಳ ಮಾತ್ರೆಗಳನ್ನು ದುಡ್ಡಿಲ್ಲದೆ ಆರೋಗ್ಯಕೇಂದ್ರದಿಂದಲೇ ಕೊಡುವುದು, ಉಂಡುದೆಷ್ಟು ನುಂಗಿದುದೆಷ್ಟು ಎಂಬ ಸಂಗತಿಯನ್ನು ವೈದ್ಯರಿಗೆ ತಿಳಿಸುವುದು, ಹುಣ್ಣಿಗೆ ಆ ದಿನವೇ ದೊಡ್ಡ ಆಸ್ಪತ್ರೆಯ ದಾರಿಯನ್ನು ತೋರಿಸುವುದು, ಮಗ್ಗದ ಮನೆಯಲ್ಲಿ ರಾತ್ರಿಯ ದೀಪ, ದಿನವೂ ಸಂಜೆ ಮೊಮ್ಮಗುವಿನಿಂದ ಅಂಗಾಲನ್ನು ನೋಡಿಸುವುದು, ಮತ್ತು ರಾತ್ರಿ ಮನೆಯವರೆಲ್ಲ ಒಟ್ಟಿಗೆ ಕುಳಿತು ಉಣ್ಣುವುದು. ಕಡೆಯದು ಯಾವ ಔಷಧದ ಅಂಗಡಿಯಲ್ಲಿಯೂ ಸಿಕ್ಕದು.

ಇಲ್ಲಿ ಇನ್ನೊಂದು ಧರ್ಮಸೂಕ್ಷ್ಮವೂ ಇದೆ. ಮುದುಕಿಯು ಮಗನಿಗೆ ಹೇಳಬೇಡವೆಂದಳು. ಗುಟ್ಟನ್ನು ಬಯಲು ಮಾಡಿದರೆ ಅವಳು ಇನ್ನೆಂದೂ ಯಾರಿಗೂ ಹೇಳಲಾರಳು. ಮುಚ್ಚಿಟ್ಟರೆ ಮನೆಯವರ ಸಹಾಯವು ದೊರೆಯದು. ಬಲ್ಲ ದಾದಿಯು ಎರಡನ್ನೂ ಬಿಟ್ಟು, ‘ಅಜ್ಜಿ, ಮಾತ್ರೆಗೆ ಇನ್ನು ದುಡ್ಡು ಬೇಕಿಲ್ಲ, ಈ ಮಾತನ್ನ ನೀವೇ ಮಗನಿಗೆ ಹೇಳ್ತೀರೋ, ನಾನು ಜತೇಲಿ ಕೂತಿರಲೋ?’ ಎಂದು ಅವಳ ಕೈಗೇ ನಿರ್ಣಯವನ್ನು ಕೊಡುತ್ತಾಳೆ. ವೈದ್ಯನಿಗೆ ತಿಳಿಯಲೇಬೇಕಾದುದನ್ನು ತಿಳಿಸುವೆನೆಂದು ಮೊದಲೇ ಹೇಳಿರುತ್ತಾಳೆ. ಕೇಳಿಸಿಕೊಂಡವರು ಕೇಳಿದುದಕ್ಕೆ ಹೊಣೆಗಾರರೂ ಆಗುತ್ತಾರೆ.

ರೋಗವು ವಾಸಿಯಾಗದ ಹಂತಕ್ಕೆ ಬಂದವರಲ್ಲಿ ಈ ಕೇಳುವಿಕೆಯೇ ಚಿಕಿತ್ಸೆಯ ದೊಡ್ಡ ಭಾಗವಾಗುತ್ತದೆ. ಮೊದಲು ದಾದಿಯಾಗಿದ್ದು ಆಮೇಲೆ ವೈದ್ಯೆಯಾದ ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಎಂಬಾಕೆಯು 1960ರ ದಶಕದಲ್ಲಿ, ಸಾಯುವವನ ನೋವು ದೇಹದ್ದೊಂದೇ ಅಲ್ಲ, ಮನಸ್ಸಿನದು, ಸಂಸಾರದ್ದು, ಆತ್ಮದ್ದು ಎಲ್ಲವೂ ಬೆರೆತ ಇಡಿಯ ನೋವೆಂದು ಪ್ರತಿಪಾದಿಸಿದಳು. ಅದೇ ದಾರಿಯಲ್ಲಿ, 1994ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಹಾಸ್ಪೈಸ್ ಟ್ರಸ್ಟಿನವರ ಕರುಣಾಶ್ರಯವು ಗುಣವಾಗದ ಅರ್ಬುದರೋಗಿಗಳನ್ನು ಹಣವಿಲ್ಲದೆ ನೋಡಿಕೊಳ್ಳುತ್ತದೆ. ಮಗಳ ಮದುವೆಯ ಚಿಂತೆಯು ರಾತ್ರಿಯ ನೋವನ್ನು ಇಮ್ಮಡಿಸಬಲ್ಲುದೆಂಬುದು ಅಂಥ ಕಡೆ ಕೆಲಸಮಾಡುವವರಿಗೆ ಹೊಸ ಮಾತಲ್ಲ.

ದಾದಿಯರಿಗೆ ಬಿಡುವೆಲ್ಲಿದೆ ಎಂದು ಯಾರಾದರೂ ಕೇಳಬಹುದು, ನ್ಯಾಯವಾದ ಪ್ರಶ್ನೆಯೇ. ಹಾಸಿಗೆಗಳು ಹೆಚ್ಚಿ ಕೈಗಳು ಕಡಮೆಯಾದ ಕಡೆ ಒಬ್ಬೊಬ್ಬರ ಬಳಿ ಅರ್ಧ ಗಂಟೆ ಕೂರುವುದು ಆಗದ ಮಾತು. ಆದಕಾರಣವೇ ವಿದ್ಯಾವಂತರ ಮನೆಗಳು ಈ ಕೆಲಸದಲ್ಲಿ ಪಾಲುಗೊಳ್ಳಬೇಕಾಗಿದೆ. ರೋಗಿಯು ನುಂಗುವ ಮಾತ್ರೆಗಳ ಹೆಸರು, ಉಂಡ ಅನ್ನದ ಅಂದಾಜು, ಮಲಗಿದ ಎದ್ದ ಗಂಟೆಗಳು, ಜ್ವರ ಬಂದ ಹೊತ್ತು ಇವನ್ನು ಒಂದು ಪುಸ್ತಕದಲ್ಲಿ ಗುರುತುಹಾಕಿದರೆ ಹತ್ತು ಪ್ರಶ್ನೆಗಳು ಉಳಿಯುತ್ತವೆ. ನಾಟಿ ಔಷಧವನ್ನು ಕೊಟ್ಟಿದ್ದರೆ ನಾಚಿಕೆಯಿಂದ ಮುಚ್ಚಿಡದೆ ಹೇಳುವುದು. ಕನ್ನಡಕ, ಹಲ್ಲಿನ ಕಟ್ಟು, ಕಿವಿಯ ಯಂತ್ರಗಳನ್ನು ಮನೆಯಲ್ಲಿ ಮರೆತು ಬಾರದಿರುವುದು. ಏಕೆಂದರೆ ಕೇಳಿಸದವನನ್ನೂ ಕಾಣದವನನ್ನೂ ತಿಳಿವಿಲ್ಲದವನೆಂದು ಬಗೆಯುವ ತಪ್ಪು ಸುಲಭವಾಗಿ ಆಗುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದುದು, ರೋಗಿಯನ್ನು ಕೇಳಿದ ಪ್ರಶ್ನೆಗೆ ರೋಗಿಯೇ ಉತ್ತರ ಕೊಡುವಂತೆ ಬಿಡುವುದು. ತಡವಾಗಲಿ, ತೊದಲಲಿ, ಎಂದೋ ನಡೆದ ಕಥೆಯಿಂದ ಮೊದಲುಮಾಡಲಿ; ಅವನ ಮಾತು ಮುಗಿದ ಮೇಲೆ ಮನೆಯವರು ತಮಗೆ ತಿಳಿದುದನ್ನು ಸೇರಿಸಬಹುದು. ಪ್ರೀತಿಯಿಂದಲೇ ಬಾಯಿ ಹಾಕುವ ಮಕ್ಕಳು ತಾಯಿಯ ನಾಲ್ಕನೆಯ ಗುಣವನ್ನು ತಮಗರಿಯದೆಯೇ ಅವಳಿಂದ ಕಿತ್ತುಕೊಳ್ಳುತ್ತಾರೆ.

ದೊಡ್ಡಬಳ್ಳಾಪುರದ ಓಣಿಯಲ್ಲಾಗಲಿ ಹೊಸಕೋಟೆಯ ಹೊಸ ಬಡಾವಣೆಯಲ್ಲಾಗಲಿ ಮುದುಕರಿಲ್ಲದ ಮನೆಗಳು ಕಡಮೆ. ಅವರ ಮಂಚದ ಪಕ್ಕದಲ್ಲಿ ಒಂದು ಮಣೆಯ ಜಾಗವಿಲ್ಲದ ಮನೆಗಳಂತೂ ಇಲ್ಲ. ಸಂಜೆಯ ದೀಪ ಹಚ್ಚಿದ ಮೇಲೆ ಮನೆಯವರಲ್ಲಿ ಒಬ್ಬರು ಆ ಮಣೆಯ ಮೇಲೆ ಕುಳಿತು, ಇಂದು ಏನುಂಡಿರಿ, ಎಲ್ಲಿ ನೋಯುತ್ತದೆ, ಯಾವುದಕ್ಕೆ ಹೆದರಿಕೆ ಎಂದು ಕೇಳಿ ಸುಮ್ಮನಿದ್ದರೆ, ಮರುದಿನ ಬರುವ ದಾದಿಗೂ ವೈದ್ಯನಿಗೂ ಅರ್ಧ ಕೆಲಸವು ಮುಗಿದಿರುತ್ತದೆ. ಈ ಸಣ್ಣ ವ್ರತವು ಮನೆಮನೆಗಳಲ್ಲಿ ನೆಲಸಲಿ.